ಪುಲ್ಲಿಯ ಬಾಸು, ಆಫೀಸಿನ ಬಾಸು

ಈ ಏಪ್ರಿಲ್‌ನಲ್ಲಿ ನಂಗೆ ಪ್ರಮೋಷನ್ ಆಯ್ತು. ನಾನು ಕೆಲ್ಸ ಮಾಡೋದು ಒಂದು ಬೀಜದ ಕಂಪನಿಯ ದಾವಣಗೆರೆ ಬ್ರಾಂಚಲ್ಲಿ, ಮೆಕ್ಕೆಜೋಳದ ಬೀಜವೇ ನಮ್ಮ ಮುಖ್ಯ ವ್ಯಾಪಾರ, ಹದಿಮೂರು ವರ್ಷ ಅದೇ ಆಫೀಸಲ್ಲಿ ಅದೇ ಕಿಟಕಿ ಪಕ್ಕದ ಟೇಬಲ್ಲಲ್ಲಿ ಕೂತಿದ್ದೋಳು ಈಗ ಗಾಜಿನ ಬಾಗಿಲ ಒಳಗೆ ಕೂತಿದೀನಿ. ಮೊದಲನೇ ದಿನ ಬೆಳಿಗ್ಗೆ ಮೆಟ್ಲು ಹತ್ತಿ ಒಳಗೆ ಕಾಲಿಡ್ತಿದ್ದಂಗೆ ನಮ್ಮ ಆಫೀಸಿನ ಎಲ್ಲರಿಗಿಂತ ಹಿರಿಯರು, ನಾನು ಸೇರಿದ ದಿನದಿಂದ 'ಅಣ್ಣಾರೆ' ಅಂತ ಕರೀತಾ ಬಂದೋರು, ಕುರ್ಚಿಯಿಂದ ಎದ್ದು ನಿಂತು "ನಮಸ್ಕಾರ ಬಾಸ್" ಅಂದ್ರು. ಹಿಂದಿನ ಶನಿವಾರದ ತನಕ ಅವ್ರ ಬಾಯಲ್ಲಿ ನಾನು 'ತಂಗಿ'. ಸ್ಟಾಕ್ ರಿಜಿಸ್ಟರ್ ಬರೆಯೋದು, ಡೀಲರ್ ಹತ್ರ ಮುಖ ಕೆಡದಂಗೆ ಬಾಕಿ ಕೇಳೋದು, ಮಳೆ ಕೈಕೊಟ್ಟ ವರ್ಷ ವಾಪಸ್ ಬರೋ ಚೀಲಗಳನ್ನ ಹೆಂಗೆ ಲೆಕ್ಕಕ್ಕೆ ಹಿಡೀಬೇಕು ಅನ್ನೋದು, ಎಲ್ಲ ಕಲಿಸಿದ್ದು ಅವ್ರೇ. ಆ ಗಾಜಿನ ಬಾಗಿಲ ಒಳಗಿನ ಕುರ್ಚಿ ಅವ್ರಿಗೆ ಬರುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ರು. ನಾನೂ ಅಂದ್ಕೊಂಡಿದ್ದೆ.

ಅವತ್ತು ಅವ್ರು ಅದನ್ನ ಹೆಂಗೆ ಅಂದ್ರು ಅಂತ ಎಷ್ಟು ನೆನಪಿಸ್ಕೊಂಡ್ರೂ ತಿಳೀತಿಲ್ಲ. ನಗು ಇತ್ತು, ಆದ್ರೆ ಅವ್ರ ಮುಖದಲ್ಲಿ ಯಾವಾಗ್ಲೂ ಒಂದು ನಗು ಇರುತ್ತೆ. ಖುಷಿಯಿಂದ ಅಂದ್ರಾ, ಚುಚ್ಚೋಕೆ ಅಂದ್ರಾ, ಸುಮ್ನೆ ಬಾಯಿಗೆ ಬಂತಾ. ಅವತ್ತಿಗೆ ನಿಲ್ಲಲೂ ಇಲ್ಲ. ದಿನಾ ಬಾಸ್. ಇಬ್ರು ಹೊಸ ಫೀಲ್ಡ್ ಹುಡುಗ್ರು ರಜೆ ಕೇಳೋಕೆ ಅವ್ರ ಟೇಬಲ್ ಹತ್ರ ಹೋದ್ರೆ, ಇಡೀ ಆಫೀಸಿಗೆ ಕೇಳೋ ಹಂಗೆ "ನನ್ನೇನ್ ಕೇಳ್ತೀರಪ್ಪಾ, ಒಳಗೆ ಬಾಸ್ ಕೂತಾರೆ, ಅವ್ರನ್ನ ಕೇಳ್ರಿ" ಅನ್ನೋರು. ಗಾಜಿನ ಈ ಕಡೆ ಕೂತು ನಾನು ತಲೆ ಎತ್ತದೆ ಕಂಪ್ಯೂಟರ್ ನೋಡ್ತಾ ಇರ್ತಿದ್ದೆ, ಕಿವಿ ಮಾತ್ರ ಬಿಸಿ ಆಗ್ತಿತ್ತು. ಒಂದೇ ಒಂದು ಪದ, ಅದೂ ದಾವಣಗೆರೇಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳೋ ಪದ, ನಂಗ್ಯಾಕೆ ಹಿಂಗೆ ತಾಗ್ತಿದೆ ಅಂತ ಯೋಚ್ನೆ ಮಾಡೋಕೆ ಶುರು ಮಾಡಿದ್ದು ಆವಾಗ.

ಬೀದಿಯ ಬಾಸು

ನಮ್ಮೂರಲ್ಲಿ ಬಾಸ್ ಅನ್ನಿಸ್ಕೊಳ್ಳೋಕೆ ಏನೂ ಆಗಿರ್ಬೇಕಾಗಿಲ್ಲ. ಜಯದೇವ ಸರ್ಕಲ್ಲಲ್ಲಿ ಬೈಕ್ ಅಡ್ಡ ನಿಲ್ಸಿದೋನಿಗೆ "ಬಾಸ್, ಸ್ವಲ್ಪ ಜರುಗಿ" ಅಂತೀವಿ. ಬಸ್‌ಸ್ಟ್ಯಾಂಡಲ್ಲಿ ಗುರುತಿಲ್ದೋರನ್ನ "ಬಾಸ್, ಹರಪನಹಳ್ಳಿ ಬಸ್ ಹೋಯ್ತಾ" ಅಂತ ಕೇಳ್ತಾರೆ. ಬೆಣ್ಣೆದೋಸೆ ಹೋಟೆಲ್ಲಲ್ಲಿ ಗಿರಾಕಿ ಸಪ್ಲೈಯರ್‌ಗೆ ಬಾಸ್ ಅಂತಾನೆ, ಸಪ್ಲೈಯರ್ ಗಿರಾಕಿಗೆ ಬಾಸ್ ಅಂತಾನೆ, ಇಬ್ರಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನೋ ಪ್ರಶ್ನೆನೇ ಅಲ್ಲಿಲ್ಲ. ಜಗಳಕ್ಕೂ ಅದೇ ಪದ ಆಗುತ್ತೆ, "ಏನ್ ಬಾಸ್, ನೋಡ್ಕೊಂಡ್ ಹೋಗಕ್ ಆಗಲ್ವಾ" ಅನ್ನುವಾಗ ಅದ್ರಲ್ಲಿ ಮರ್ಯಾದೆ ಎಷ್ಟಿದೆ ಸಿಟ್ಟು ಎಷ್ಟಿದೆ ಅಂತ ಕೇಳಿಸ್ಕೊಂಡೋನಿಗೆ ಗೊತ್ತಾಗುತ್ತೆ. ನಂಗೆ ಇದು ಬಹಳ ಒಳ್ಳೇ ಬಳಕೆ ಅನ್ಸುತ್ತೆ, ಮನಸಾರೆ ಹೇಳ್ತೀನಿ. ಗುರುತಿಲ್ಲದ ಒಬ್ಬ ಗಂಡಸನ್ನ ಕನ್ನಡದಲ್ಲಿ ಕರೆಯೋಕೆ ಹೊರಟ್ರೆ ಮೊದ್ಲು ಅವನ ವಯಸ್ಸು ಅಂದಾಜು ಮಾಡ್ಬೇಕು, ಬಟ್ಟೆ ನೋಡ್ಬೇಕು, ಅಣ್ಣನಾ ತಮ್ಮನಾ ಯಜಮಾನ್ರಾ ಸಾರಾ ಅಂತ ತೂಗ್ಬೇಕು, ಒಳಗೊಳಗೇ ಜಾತಿನೂ ತೂಗೋರಿದಾರೆ. ಬಾಸ್ ಅಂದ್ರೆ ಆ ತಕ್ಕಡಿನೇ ಬೇಡ.

ಆದ್ರೆ ಗಂಡಸನ್ನ ಅಂದೆ ನೋಡಿ. ಆಟೋ ಹತ್ತೋಕೆ ನಾನೂ ನಮ್ಮನೆಯವ್ರೂ ನಿಂತ್ರೆ "ಎಲ್ಲಿಗ್ ಬಾಸ್?" ಅನ್ನೋದು ಅವ್ರನ್ನ. ನಾನೊಬ್ಳೇ ನಿಂತ್ರೆ "ಎಲ್ಲಿಗಕ್ಕಾ", ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗಿದ್ರೆ "ಎಲ್ಲಿಗೆ ಮೇಡಮ್". ತಕ್ಕಡಿ ಇಲ್ಲದ ಆ ಪದ ಹೆಂಗಸರ ತನಕ ಬಂದಿಲ್ಲ. ನಲವತ್ತೊಂದು ವರ್ಷದಲ್ಲಿ ನನ್ನನ್ನ ಯಾರೂ ಬಾಸ್ ಅಂದಿರ್ಲಿಲ್ಲ, ಅಣ್ಣಾರೇ ಮೊದಲಿಗರು. ಬಹುಶಃ ಅದಕ್ಕೂ ಬೆಚ್ಚಿಬಿದ್ನೇನೋ.

ಅಪ್ಪನ ಅಂಗಡಿಯ ಬಾಸು

ಮೊದಲಿಗರು ಅಂದೆ, ಆದ್ರೆ ಆ ಪದ ನಾನು ಮೊಟ್ಟಮೊದಲು ಕೇಳಿದ್ದು ಮನುಷ್ಯರ ಬಗ್ಗೆ ಅಲ್ಲವೇ ಅಲ್ಲ. ನಮ್ಮಪ್ಪ ಟರ್ನರ್, ಲೇತ್ ಮಷಿನ್ನಲ್ಲಿ ಲೋಹ ಕಡೆಯೋ ಕೆಲ್ಸ. ಕೆಲ್ಸ ಕಲಿತಿದ್ದು ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ, 1941ರಲ್ಲಿ ಶುರುವಾದ ಆ ಫ್ಯಾಕ್ಟರಿಯ ಲೇತುಗಳು ದೇಶದ ತುಂಬಾ ಹೋಗ್ತಿದ್ವು, ಅಲ್ಲಿ ಕೈ ಪಳಗಿಸ್ಕೊಂಡೋರು ನಮ್ಮ ಸುತ್ತಮುತ್ತ ಎಷ್ಟೋ ಜನ ಸ್ವಂತ ಅಂಗಡಿ ಹಾಕಿದ್ರು. ಅಪ್ಪಂದೂ ಹಳೇ ಪೇಟೇಲಿ ಒಂದು ಶೆಡ್ಡು, ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷಿನ್ನು, ಹಿಂದುಗಡೆ ಒಂದು ಇದ್ದಿಲ ಭಟ್ಟಿ. ಬೋರ್ಡಿನ ಮೇಲೆ 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಅಂತ ಬರೆಸಿದ್ರು, 1997ರಲ್ಲಿ ನಮ್ಮದೇ ಜಿಲ್ಲೆ ಆದ್ಮೇಲೂ ಅದನ್ನ ಬದಲಾಯಿಸ್ಲಿಲ್ಲ. ಶಾಲೆ ಬಿಟ್ಮೇಲೆ ನಾನು ಅಲ್ಲೇ ಚಹಾದ ಡಬ್ಬಿ ಮೇಲೆ ಕೂತು ಹೋಮ್‌ವರ್ಕ್ ಮಾಡ್ತಿದ್ದೆ, ಕಟಿಂಗ್ ಆಯಿಲ್ ವಾಸನೆ ನೋಟ್‌ಬುಕ್ಕಿಗೂ ಹತ್ತಿರ್ತಿತ್ತು.

ಒಂದಿನ ಹಿಟ್ಟಿನ ಗಿರಣಿಯವ್ರೊಬ್ರು ಗೋಣಿಚೀಲದಲ್ಲಿ ಪುಲ್ಲಿ, ಅಂದ್ರೆ ಬೆಲ್ಟ್ ಓಡೋ ಕಬ್ಬಿಣದ ಗಾಲಿ, ಸುತ್ಕೊಂಡು ಬಂದು ಧೊಪ್ ಅಂತ ಇಟ್ರು. "ಬಾಸ್ ಬಿಟ್ಟೈತೆ ನೋಡ್ರಿ" ಅಂದ್ರು. ಮನೇಲಿ ಅಪ್ಪನ ಬಾಯಲ್ಲೂ ಆ ಪದ ಕೇಳಿದ್ದೆ, ಆವತ್ತೇ ಅಪ್ಪನ್ನ ಕೇಳಿದ್ದು, ಬಾಸ್ ಅಂದ್ರೇನಪ್ಪ ಅಂತ. ಪುಲ್ಲಿ ನಡುವೆ ತೂತಿನ ಸುತ್ತ ದಪ್ಪಗೆ ಉಬ್ಬಿಕೊಂಡಿರೋ ಜಾಗ ತೋರಿಸಿದ್ರು. ಎರಕ ಹೊಯ್ಯುವಾಗಲೇ ಅಲ್ಲಿ ಕಬ್ಬಿಣ ಜಾಸ್ತಿ ಬಿಟ್ಟಿರ್ತಾರೆ, ಯಾಕಂದ್ರೆ ಶಾಫ್ಟು, ಅಂದ್ರೆ ತಿರುಗೋ ಕಂಬಿ, ಬಂದು ಕೂರೋದು ಅಲ್ಲಿ, ಮೋಟ್ರಿನ ತಿರುವೆಲ್ಲ ಬೀಳೋದು ಅಲ್ಲಿ. ಶಾಫ್ಟು ಒಳಗೇ ಜಾರದಂಗೆ ಒಂದು ಕೀಲಿ ಹಾಕಿರ್ತಾರೆ, ಆ ಕೀಲಿಗೋಸ್ಕರ ತೂತಿನ ಒಳಮೈಗೆ ಒಂದು ಚೌಕ ತೋಡು ಕೊರೆದಿರ್ತಾರೆ, ಬಿರುಕು ಯಾವಾಗ್ಲೂ ಶುರುವಾಗೋದು ಆ ತೋಡಿನ ಮೂಲೆಯಿಂದ. ಅಪ್ಪ ನನ್ನ ಬೆರಳು ಹಿಡಿದು ಆ ಬಿರುಕಿನ ಮೇಲೆ ಸವರಿಸಿದ್ರು, ಕೂದಲು ಅಂಟಿದಂಗಿತ್ತು.

ಅದನ್ನ ಅವ್ರು ಸರಿ ಮಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಎರಕದ ಕಬ್ಬಿಣಕ್ಕೆ ಸುಮ್ನೆ ವೆಲ್ಡಿಂಗ್ ಮಾಡಿದ್ರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತೆ ಅಂತ ವೆಲ್ಡರ್ ಹತ್ರ ಕಳಿಸ್ಲಿಲ್ಲ. ಪುಲ್ಲಿನ ಲೇತಿನ ಚಕ್ಕಿಗೆ ಕಟ್ಟಿ ಬಾಸಿನ ಹೊರಮೈಗೆ ಒಂದು ಕಟ್ ಹೊಡೆದು ದುಂಡಗೆ ಮಾಡಿದ್ರು. ದಪ್ಪ ಉಕ್ಕಿನದೊಂದು ರಿಂಗ್ ಕಡೆದು, ಅದ್ರ ಒಳ ಅಳತೆ ಬಾಸಿಗಿಂತ ಒಂಚೂರು ಕಮ್ಮಿ ಇಟ್ರು, ಇಂಚಿಗೆ ಒಂದು ಥೌ ಬಿಗಿ, ಅಂದ್ರೆ ಒಂದಿಂಚಿನ ಸಾವಿರ ಭಾಗದಲ್ಲಿ ಒಂದು ಭಾಗ. ಬಾಸು ನಾಲ್ಕಿಂಚು ಇದ್ರೆ ನಾಲ್ಕು ಥೌ. ತಣ್ಣಗಿದ್ದಾಗ ಆ ರಿಂಗ್ ಒಳಗೆ ಹೋಗೋಕೆ ಸಾಧ್ಯನೇ ಇಲ್ಲ. ಭಟ್ಟೀಲಿ ಇಟ್ಟು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಂದು ಬಾಸಿನ ಮೇಲಿಟ್ರೆ ಸಲೀಸಾಗಿ ಇಳೀತು, ಸುತ್ತಿಗೇಲಿ ಎರಡೇ ಎರಡು ಏಟು. ಬೇಗ ಆರ್ಲಿ ಅಂತ ನಾನು ಚೊಂಬಲ್ಲಿ ನೀರು ತಂದೆ, ಬೈದ್ರು. "ನೀರು ಹಾಕ್ಬಾರ್ದು. ತಾನಾಗೇ ಆರ್ಬೇಕು." ಅದು ಆರ್ತಾ ಆರ್ತಾ ಕುಗ್ಗಿ ಬಾಸನ್ನ ಎಲ್ಲ ಕಡೆಯಿಂದ ಅಪ್ಕೊಂಡು ಹಿಡೀತು, ಸಂಜೆ ಹೊತ್ತಿಗೆ ಮತ್ತೆ ಬೆರಳಿಟ್ಟು ನೋಡಿದ್ರೆ ಆ ಕೂದಲೆಳೆ ಸಿಗ್ಲಿಲ್ಲ.

ಆಫೀಸಲ್ಲಿ ಬಾಸ್ ಇರ್ತಾರೆ ಅಂತ ಆಮೇಲೆ ಗೊತ್ತಾದಾಗ ಅದೂ ಪುಲ್ಲಿಯಿಂದಲೇ ಬಂದ ಪದ ಅಂತ ತಿಳ್ಕೊಂಡಿದ್ದೆ, ಅಲ್ಲೇ ಎಲ್ಲ ಭಾರ ಬೀಳೋದಲ್ವಾ. ಬಹಳ ವರ್ಷ ಹಂಗೇ ನಂಬಿದ್ದೆ. ಪ್ರಮೋಷನ್ ಆದ್ಮೇಲೆ ನಿದ್ದೆ ಬರದ ಒಂದು ರಾತ್ರಿ ಡಿಕ್ಷನರಿ ನೋಡಿದ್ರೆ ಎರಡಕ್ಕೂ ಸಂಬಂಧವೇ ಇಲ್ಲ. ಪುಲ್ಲಿಯ ಬಾಸು ಹಳೇ ಫ್ರೆಂಚಿನ ಒಂದು ಪದದಿಂದ ಬಂದಿದ್ದು, ಉಬ್ಬು, ಗಂಟು ಅಂತ ಅರ್ಥ. ಗುರಾಣಿಯ ನಟ್ಟನಡುವೆ ಕೈಯನ್ನ ಕಾಯೋಕೆ ಇರ್ತಿತ್ತಲ್ಲ ಲೋಹದ ಉಬ್ಬು, ಅದೂ ಬಾಸೇ. ಲಗ್ನಪತ್ರಿಕೆ ಮೇಲೆ ಗಣಪತಿ ಉಬ್ಬಿ ಬರೋ ಹಂಗೆ ಒತ್ತೋದಕ್ಕೆ ಪ್ರೆಸ್ಸಿನವ್ರು ಎಂಬಾಸಿಂಗ್ ಅಂತಾರಲ್ಲ, ಅದ್ರೊಳಗಿರೋದೂ ಇದೇ ಬಾಸು. ಆಫೀಸಿನ ಬಾಸಿನ ಕಥೆ ಬೇರೆ, ಮತ್ತು ಅದನ್ನ ಓದಿದ ರಾತ್ರಿ ನಂಗೆ ಇನ್ನೂ ನಿದ್ದೆ ಬರ್ಲಿಲ್ಲ.

ಒಂದು ಪದ ಎರಡು ದಾರಿ ಹಿಡಿದಿದ್ದು

ಅದು ಡಚ್ ಪದ. ಅವ್ರ ಭಾಷೇಲಿ ಬಾಸ್ ಅಂದ್ರೆ ಯಜಮಾನ, ಒಡೆಯ, ಅವ್ರೂ ನಮ್ಮ ಹಾಗೇ ದೀರ್ಘ ಎಳೆದೇ ಅಂತಾರೆ. ಈಗಿನ ನ್ಯೂಯಾರ್ಕ್ ಮೊದ್ಲು ಡಚ್ಚರ ಊರು, ನ್ಯೂ ಆಮ್‌ಸ್ಟರ್‌ಡ್ಯಾಮ್ ಅಂತ ಹೆಸರು, 1664ರಲ್ಲಿ ಇಂಗ್ಲಿಷರು ಅದನ್ನ ಕಿತ್ಕೊಂಡ್ರು, ಊರಿನ ಹೆಸರು ಹೋಯ್ತು, ಕೆಲವು ಪದ ಉಳ್ಕೊಂಡ್ವು. ಆಮೇಲೆ ಅಮೆರಿಕ ಸ್ವತಂತ್ರ ಆದ್ಮೇಲೆ ಕೂಲಿಗೆ ದುಡಿಯೋ ಬಿಳಿ ಜನಕ್ಕೆ ಒಂದು ಕಷ್ಟ ಬಂತು. ಕೆಲ್ಸ ಕೊಡೋನನ್ನ ಇಂಗ್ಲೆಂಡಿನ ಹಾಗೆ 'ಮಾಸ್ಟರ್' ಅನ್ನೋಕೆ ಅವ್ರ ಬಾಯಿ ಬರ್ತಿರಲಿಲ್ಲ, ಯಾಕಂದ್ರೆ ಅಲ್ಲಿ ಗುಲಾಮರು ಕರೀತಿದ್ದಿದ್ದು ಹಂಗೆ. ನಾನು ಕೂಲಿಗೆ ಬಂದೋನು, ನನ್ನನ್ನ ನೀನು ಕೊಂಡುಕೊಂಡಿಲ್ಲ ಅಂತ ಹೇಳೋಕೆ ಒಂದು ಬೇರೆ ಪದ ಬೇಕಿತ್ತು. ಬಾಸ್ ಅಂದ್ರು. ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್ 1838ರಲ್ಲಿ ಇದನ್ನ ಬರೆದು ಆಕ್ಷೇಪ ಎತ್ತಿದಾನೆ, ಮಾಸ್ಟರ್ ಬೇಡ ಅಂತ ಹೇಳಿ ಅದೇ ಅರ್ಥದ ಡಚ್ ಪದ ಇಟ್ಕೊಂಡ್ರಲ್ಲ ಅಂತ. ನಾನು ಆ ಕೂಲಿಯವ್ರ ಪರ. ಅರ್ಥ ಒಂದೇ ಇರ್ಬಹುದು, ಬಾಯಲ್ಲಿಟ್ಕೊಂಡಾಗ ಒಂದೇ ಅಲ್ಲ. ಹಂಗಂತ ನಿಜವಾದ ಗುಲಾಮರಿಗೆ ಆ ಆಯ್ಕೆ ಇರ್ಲಿಲ್ಲ ಅನ್ನೋದೂ ಅಷ್ಟೇ ನಿಜ.

ಅದೇ ಡಚ್ಚರು 1652ರಲ್ಲಿ ಆಫ್ರಿಕಾದ ತುದಿ ಕೇಪ್‌ಗೂ ಹೋಗಿ ಇಳಿದ್ರು, ಅದೇ ಪದ ತಗೊಂಡು. ಅಲ್ಲಿ ಅದು ಪೂರ್ತಿ ಉಲ್ಟಾ ದಾರಿ ಹಿಡೀತು. ಕಪ್ಪು ಜನ ಬಿಳಿಯ ಗಂಡಸನ್ನ ಬಾಸ್ ಅನ್ಬೇಕು, ಅರವತ್ತು ವರ್ಷದ ಕಪ್ಪು ಮುದುಕ ಬಿಳಿಯರ ಹುಡುಗನ್ನೂ ಮರಿ ಬಾಸ್ ಅನ್ಬೇಕು. 1948ರಿಂದ ವರ್ಣಭೇದವೇ ಸರ್ಕಾರದ ನೀತಿ ಆದಾಗ ಬಿಳಿಯರ ಯಜಮಾನಿಕೆ ಅನ್ನೋದಕ್ಕೆ ಅವ್ರು ಇಟ್ಕೊಂಡ ಹೆಸರೇ ಬಾಸ್‌ಕಾಪ್. ಒಂದು ದೇಶದಲ್ಲಿ ತಲೆ ಎತ್ತೋಕೆ ಸಿಕ್ಕಿದ ಪದ ಇನ್ನೊಂದು ದೇಶದಲ್ಲಿ ತಲೆ ತಗ್ಗಿಸೋಕೆ. ಇದನ್ನ ಓದಿದಾಗ ಅಣ್ಣಾರ "ನಮಸ್ಕಾರ ಬಾಸ್" ನೆನಪಾಯ್ತು. ಐವತ್ತಾರು ವರ್ಷದೋರು ಎದ್ದು ನಿಂತು ನಂಗೆ ಹಂಗಂದ್ರಲ್ಲ.

ಇನ್ನೊಂದು ಸಣ್ಣ ವಿಷ್ಯ ಇದ್ರ ಜೊತೆಗೇ ಕಣ್ಣಿಗೆ ಬಿತ್ತು. ನಮ್ಮ ಮನೆಮನೆಯಲ್ಲೂ ನೋಡೋ 'ಬಿಗ್ ಬಾಸ್' ಇದೆಯಲ್ಲ, ಅದ್ರ ಮೂಲನೂ ನೆದರ್‌ಲೆಂಡ್ಸೇ, 1999ರಲ್ಲಿ ಶುರುವಾಗಿದ್ದು. ಅಲ್ಲಿ ಅದ್ರ ಹೆಸರಿನ ಅರ್ಥ 'ದೊಡ್ಡಣ್ಣ'. ನಮ್ಮ ದೇಶಕ್ಕೆ ಬರುವಾಗ ಅಣ್ಣ ಹೋಗಿ ಬಾಸ್ ಆದ. ನಮ್ಮ ಆಫೀಸಲ್ಲೂ ಅಣ್ಣ-ತಂಗಿ ಹೋಗಿ ಬಾಸ್ ಬಂದ ಹಾಗೇ ಅನ್ನಿಸ್ತು. ಮಗ ಮೊಬೈಲಲ್ಲಿ ಆಡೋ ಗೇಮಲ್ಲೂ ಪ್ರತಿ ಲೆವೆಲ್ಲಿನ ಕೊನೇಲಿ ಒಬ್ಬ ಬಾಸ್ ಇರ್ತಾನೆ, ಅವನ್ನ ಹೊಡೆದು ಬೀಳಿಸಿದ್ರೇನೇ ಮುಂದಕ್ಕೆ ದಾರಿ. ಅದನ್ನ ಅವನು ಸಹಜವಾಗಿ ವಿವರಿಸಿದ, ನಾನು ಸುಮ್ನೆ ಕೇಳಿಸ್ಕೊಂಡೆ.

ನಮ್ಮ ಪದಗಳು

ನಮ್ಮಲ್ಲಿ ಮೇಲಿನೋರಿಗೆ ಪದಗಳಿಗೇನು ಕಮ್ಮಿನಾ. ನಮ್ಮಜ್ಜ ಮಂಡಿಪೇಟೇಲಿ ಹಮಾಲರಾಗಿದ್ರು, ಹತ್ತಿ ಅಂಡಿಗೆ ಹೊತ್ತು ಹೊತ್ತು ಅವ್ರ ಎಡಭುಜ ಬಲಭುಜಕ್ಕಿಂತ ತಗ್ಗಾಗಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರಿಗೆ ಹೆಸರಿದ್ದ ಕಾಲ, ಹತ್ತಿ ಬರೋದು ಗಾಡಿಗಟ್ಲೆ. ದಲಾಲಿ ಅಂಗಡಿಯವ್ರು ಅವ್ರಿಗೆ 'ಸಾಹುಕಾರ್ರು'. ಆ ಪದದಲ್ಲೇ ಸಾಲ ಇದೆ, ಸಾಹುಕಾರ ಅಂದ್ರೆ ಬಡ್ಡಿಗೆ ದುಡ್ಡು ಕೊಡೋನು, ಅಂದಮೇಲೆ ಹಂಗೆ ಕರೆಯೋನು ಸಾಲಗಾರ. ಧಣಿ ಅಂದ್ರೆ ಧನ ಇರೋನು, ಕರೆಯೋನು ಇಲ್ಲದೋನು. ಒಡೆಯ ಅಂದ್ರೆ ಆಳು ಬೇಕೇ ಬೇಕು. ಯಜಮಾನ ಅಂದ್ರೆ ಮೂಲದಲ್ಲಿ ತನ್ನ ಖರ್ಚಲ್ಲಿ ಯಜ್ಞ ಮಾಡಿಸೋನು, ಈಗ ಗಂಡನಿಗೂ ಅದೇ, ಗಿರಾಕಿಗೂ ಅದೇ. ಅಜ್ಜ ತಾವು ಸಾಯೋ ತನಕ ಒಂದು ಅಂಗಡಿಯ ಮುಂದೆ ಹೋಗುವಾಗ ಟವೆಲ್ಲನ್ನ ಹೆಗಲಿಂದ ತೆಗೆದು ಕೈಗೆ ತಗೊಳ್ತಿದ್ರು, ಸಾಲ ತೀರಿ ಎಷ್ಟೋ ವರ್ಷ ಆಗಿತ್ತು.

ಅಮೆರಿಕದ ಕೂಲಿಯವ್ರು ಬೇಡ ಅಂತ ಉಗಿದ 'ಮಾಸ್ಟರ್' ನಮ್ಮಲ್ಲಿಗೆ ಬಂದು ಏನಾಯ್ತು ನೋಡಿ. ಮೇಷ್ಟ್ರು ಆಯ್ತು. ನಂಗೆ ಗೊತ್ತಿರೋ ಕನ್ನಡ ಪದಗಳಲ್ಲಿ ಪ್ರೀತಿ ತುಂಬಿಕೊಂಡಿರೋದ್ರಲ್ಲಿ ಅದೊಂದು. ಅದ್ರ ಇನ್ನೊಂದು ಕವಲು ಪೋರ್ಚುಗೀಸರ ಮೂಲಕ ಬಂದು ಮೇಸ್ತ್ರಿ ಆಯ್ತು. ಗಾರೆ ಕೆಲಸದ ಮೇಸ್ತ್ರಿ ಮೇಲೆ ನಿಂತು ಹೇಳೋದಷ್ಟೇ ಅಲ್ಲ, ಅವನ ಕೈಲಿ ಕರಣೆ ಇರುತ್ತೆ, ಮೂಲೆಕಲ್ಲು ಅವನೇ ಇಡ್ತಾನೆ. ಇಬ್ರೂ ಕಲಿಸೋರು. ಈ ಲೆಕ್ಕದಲ್ಲಿ ನೋಡಿದ್ರೆ ನಮ್ಮ ಆಫೀಸಲ್ಲಿ ಮೇಷ್ಟ್ರು ಅಣ್ಣಾರು, ನಾನು ಕಲಿತೋಳು, ಕುರ್ಚಿ ಮಾತ್ರ ಅದಲುಬದಲಾಗಿದೆ. ನಂಗೆ ಮುಜುಗರ ಆಗ್ತಿದ್ದಿದ್ದು ಬಾಸ್ ಅನ್ನೋ ಪದಕ್ಕಲ್ಲ ಅಂತ ಇಷ್ಟು ಹೊತ್ತಿಗೆ ಅರ್ಥ ಆಗಿತ್ತು. ಅದನ್ನ ಅಂದ ತಕ್ಷಣ ಅವ್ರು ತಮ್ಮನ್ನ ಏನು ಮಾಡ್ಕೋತಿದಾರೆ ಅನ್ನೋದಕ್ಕೆ. ಬೀದೀಲಿ ಬಾಸ್ ಅಂದೋನು ಅಂದ್ಮೇಲೂ ಏನಾಗಿದ್ನೋ ಅದೇ ಆಗಿರ್ತಾನೆ, ಅವನ ದಾರಿ ಅವನು ಹಿಡೀತಾನೆ. ಆಫೀಸಲ್ಲಿ ಅಂದೋರು ನನ್ನ ಕೈಕೆಳಗಿನೋರು ಆಗಿಬಿಡ್ತಾರೆ, ಮತ್ತು ಅವ್ರು ಅದನ್ನ ತಮ್ಮ ಬಾಯಿಂದ್ಲೇ ದಿನಾ ಹೇಳ್ಕೋಬೇಕು.

ಮಿರ್ಚಿ ಗಾಡಿ ಹತ್ರ

ಜೂನಲ್ಲಿ ಮಳೆ ಹಿಡ್ಕೊಂಡ ಮೇಲೆ ನಮ್ಗೆ ಉಸಿರಾಡೋಕೆ ಪುರಸೊತ್ತಿರಲ್ಲ, ಹೊಲ ಹದಕ್ಕೆ ಬಂತು ಅಂದ್ರೆ ಎಲ್ಲರಿಗೂ ಅದೇ ವಾರ ಬೀಜ ಬೇಕು. ಅಂಥದೊಂದು ಸಂಜೆ ಸ್ಟಾಕ್ ಲಾರಿ ತಡ ಆಗುತ್ತೆ ಅಂತ ಫೋನ್ ಬಂತು, ಎಂಟು ಗಂಟೆ ತನಕ ಕಾಯ್ಬೇಕು. ಅಣ್ಣಾರು ಬಾಗಿಲಿಗೆ ಬಂದು "ಬಾಸ್, ಮಿರ್ಚಿ ತಿಂದ್ ಬರಣೇನ್ರಿ" ಅಂದ್ರು. ಮೊದ್ಲೆಲ್ಲ ನಾವು ಹಂಗೆ ಹೋಗ್ತಿದ್ವಿ, ಏಪ್ರಿಲ್ ಆದ್ಮೇಲೆ ಹೋಗಿರ್ಲಿಲ್ಲ. ಮೂಲೆ ಗಾಡಿಯಲ್ಲಿ ಎರಡು ಪೇಪರಿನ ಮೇಲೆ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ, ಹನಿ ಮಳೆ, ಟಾರ್ಪಾಲಿನ ಕೆಳಗೆ ನಾವಿಬ್ರೇ.

ತಡೀಲಾರದೆ ಹೇಳಿಬಿಟ್ಟೆ. "ಅಣ್ಣಾರೆ, ನಂಗೆ ಬಾಸ್ ಅನ್ಬೇಡ್ರಿ. ಕೇಳೋಕಾಗಲ್ಲ ನಂಗೆ."

ಅವ್ರು ಮಿರ್ಚಿನ ತೊಟ್ಟಿನ ತನಕ ತಿಂದು, ತೊಟ್ಟು ಎಸೆದು, ಕೈ ಒರೆಸ್ಕೊಂಡ್ರು. "ಮೊದಲ್ನೇ ದಿನ ಹೊಟ್ಟೆ ಉರಿಗೇ ಅಂದಿದ್ದೆ ತಂಗಿ. ಸುಳ್ಳ್ ಯಾಕ್ ಹೇಳ್ಲಿ. ಆ ವಾರ ನಂಗೆ ಊಟ ಸೇರಿರ್ಲಿಲ್ಲ. ನಿಮ್ಮತ್ತಿಗೆನ ಕೇಳು ಬೇಕಾದ್ರೆ."

ನಾನು ಮಾತಾಡ್ಲಿಲ್ಲ.

"ಆಮೇಲೆ ಆ ಇಬ್ರು ಹುಡುಗ್ರು ನಿನ್ನ ಬಿಟ್ಟು ನನ್ ಹತ್ರ ಬರಕ್ ಶುರು ಹಚ್ಕೊಂಡ್ರಲ್ಲ. ರಜೆಗೂ ನಾನೇ, ಟೂರ್ ಬಿಲ್ಲಿಗೂ ನಾನೇ. ಒಳಗ್ ಕೂತೋಳು ಹೆಣ್ಮಗಳು, ಇವ್ರಿಗೆ ಕಾಣಲ್ಲ. ನಾನು ತಂಗಿ ತಂಗಿ ಅಂತಿದ್ರೆ ಅವ್ರೂ ಹಂಗೇ ತಿಳ್ಕೊಂತಾರೆ. ಅದ್ಕೇ ಜೋರಾಗಿ ಅಂತೀನಿ. ಇನ್ನ ನಂದು ಸರ್ವೀಸ್ ಎಷ್ಟೈತೆ, ಎರಡು ವರ್ಷ. ಅಷ್ಟ್ರೊಳಗೆ ಅವ್ರ ಬಾಯಿಗೆ ರೂಢಿ ಆಗ್ಲಿ."

"ಹೊಟ್ಟೆ ಉರಿ ಹೋಯ್ತಾ ಅಣ್ಣಾರೆ?"

"ಪೂರ್ತಿ ಹೋಗಿಲ್ಲ," ಅಂದ್ರು. "ಹೋಗುತ್ತೆ ಬಿಡು."

ದುಡ್ಡು ಕೊಡೋಕೆ ಪರ್ಸ್ ತೆಗೆದೆ. ಅವ್ರು ನನ್ನ ಕೈ ಹಿಂದಕ್ಕೆ ತಳ್ಳಿ ತಮ್ಮ ಜೇಬಿಗೆ ಕೈ ಹಾಕಿದ್ರು, ತಂಗಿ ಕೈಲಿ ಕೊಡಿಸ್ಕೊಂಡು ತಿನ್ನೋ ಪದ್ಧತಿ ನಮ್ಮನೇಲಿಲ್ಲ ಅಂತ. ಒಂದೇ ಛತ್ರಿ ಇತ್ತು, ಅದ್ರ ಕೆಳಗೆ ಮಾತಿಲ್ದೆ ನಡ್ಕೊಂಡು ಬಂದ್ವಿ. ಆಫೀಸಿನ ಮೆಟ್ಲ ಮೇಲೆ ಆ ಇಬ್ರು ಹುಡುಗ್ರು ಲಾರಿ ಕಾಯ್ತಾ ನಿಂತಿದ್ರು. ಅಣ್ಣಾರು ಛತ್ರಿ ಮಡಿಚಿ ಎರಡು ಹೆಜ್ಜೆ ಹಿಂದೆ ಸರಿದು, "ನಡೀರಿ ಬಾಸ್" ಅಂದ್ರು. ನಾನು ಮುಂದೆ ಹತ್ತಿದೆ.